ಜಾಲದ ಮಾತಿಗೆ ಪ್ರಮಾಣವೇನು?

ಕಾಲೇಜಿನಲ್ಲಿ ಓದುವ ನಿಮ್ಮ ಮಗಳು ಮಂಡ್ಯ ತಾಲ್ಲೂಕಿನ ಬಸರಾಳಿನ ಮಲ್ಲಿಕಾರ್ಜುನ ದೇವಾಲಯವನ್ನು ಕುರಿತು ಪ್ರಬಂಧ ಬರೆಯಬೇಕಾಗಿದೆಯೆನ್ನಿ. ಹಿಂದೆ ಇಂಥ ಕೆಲಸಕ್ಕೆ ಪುಸ್ತಕ ಭಂಡಾರಗಳನ್ನು ಅಲೆಯಬೇಕಾಗಿತ್ತು. ಈಗ ಅಂಗೈಯಲ್ಲಿರುವ ಫೋನಿನಲ್ಲಿ ಊರಿನ ಹೆಸರು ಬರೆದರೆ ಸಾಕು, ಅಂತರಜಾಲದ ಪುಟಗಳು ಸಾಲುಗಟ್ಟಿ ಬರುತ್ತವೆ. ಕಷ್ಟ ಮೊದಲಾಗುವುದೂ ಅಲ್ಲಿಯೇ. ಇವುಗಳಲ್ಲಿ ಯಾವುದನ್ನು ನಂಬಬೇಕು?

ಮೊದಲು, ಆ ಮಾತಿನ ಮೂಲ ಯಾವುದೆಂದು ಕೇಳಬೇಕು. ಈ ದೇವಾಲಯವನ್ನು ಹೊಯ್ಸಳ ದೊರೆ ಎರಡನೆಯ ನರಸಿಂಹನ ಕಾಲದಲ್ಲಿ, ಸುಮಾರು 1234ರಲ್ಲಿ, ಹರಿಹರ ದಣ್ಣಾಯಕನು ಕಟ್ಟಿಸಿದನು. ಇದಕ್ಕೆ ಆಧಾರ ಶಾಸನ. ಮಂಡ್ಯ ತಾಲ್ಲೂಕಿನ ಶಾಸನಗಳು ಬಿ. ಎಲ್. ರೈಸ್ ಅವರ ‘ಎಪಿಗ್ರಾಫಿಯ ಕರ್ನಾಟಿಕ’ದ 3ನೆಯ ಸಂಪುಟದಲ್ಲಿ 1894ರಲ್ಲಿ ಅಚ್ಚಾದವು, ಪರಿಷ್ಕೃತ ಆವೃತ್ತಿಯ 7ನೆಯ ಸಂಪುಟವನ್ನು ಮೈಸೂರು ವಿಶ್ವವಿದ್ಯಾನಿಲಯ 1979ರಲ್ಲಿ ಹೊರತಂದಿತು. ಇಂಥ ಮೂಲವನ್ನು ಹೆಸರಿಸುವ ಪುಟ ನಿಮಗೆ ಪರೀಕ್ಷಿಸುವ ದಾರಿಯನ್ನು ತೋರಿಸುತ್ತದೆ. ‘ಇತಿಹಾಸಕಾರರು ಹೇಳುತ್ತಾರೆ’ ಎಂದಷ್ಟೇ ಬರೆದ ಪುಟ ತೋರಿಸುವುದಿಲ್ಲ.

ಎರಡನೆಯದಾಗಿ, ಹತ್ತು ಪುಟಗಳು ಒಂದೇ ಮಾತು ಹೇಳಿದರೆ ಹತ್ತು ಸಾಕ್ಷಿ ಸಿಕ್ಕಂತಲ್ಲ. ಒಂದನ್ನು ನೋಡಿ ಒಂಬತ್ತು ನಕಲಾಗಿದ್ದರೆ ಸಾಕ್ಷಿ ಒಂದೇ.

ಮೂರನೆಯದಾಗಿ, ಒಂದು ಕಡೆ 1234, ಇನ್ನೊಂದು ಕಡೆ 1235 ಎಂದಿದ್ದರೆ ಗಾಬರಿ ಬೇಡ. ಶಾಸನಗಳು ಬಳಸುವುದು ಶಕವರ್ಷ. ಅದು ಯುಗಾದಿಗೆ ಮೊದಲಾಗುವುದರಿಂದ ಇಂಗ್ಲಿಷ್ ಲೆಕ್ಕದ ಎರಡು ವರ್ಷಗಳಲ್ಲಿ ಚಾಚಿಕೊಳ್ಳುತ್ತದೆ. ಆದರೆ ನೂರು ವರ್ಷಗಳ ಅಂತರವಿದ್ದರೆ ಸಂಶಯ ಪಡಲೇಬೇಕು. ಹೊಯ್ಸಳರಲ್ಲಿ ಮೂವರು ನರಸಿಂಹರಿದ್ದರು. ಬರಿಯ ‘ನರಸಿಂಹ’ ಎಂದಿದ್ದರೆ ಯಾವ ನರಸಿಂಹನೆಂದು ವಿಚಾರಿಸಿ. ಚಿತ್ರಗಳನ್ನೂ ಹಾಗೆಯೇ ನೋಡಿ. ಮೂರು ಗೋಪುರಗಳ ಸೋಮನಾಥಪುರದ ಕೇಶವ ದೇವಾಲಯದ ಚಿತ್ರಕ್ಕೆ ‘ಬಸರಾಳು’ ಎಂದು ಹೆಸರಿಟ್ಟರೆ ಬಸರಾಳು ಅಲ್ಲಿಗೆ ಬರುವುದಿಲ್ಲ.

ಕನ್ನಡ ವಿಕಿಪೀಡಿಯ 2003ರಲ್ಲಿ ಆರಂಭವಾಯಿತು. ಅದನ್ನು ಯಾರು ಬೇಕಾದರೂ ತಿದ್ದಬಹುದು. ಅದರ ಬಲವೂ ಅದೇ, ದೌರ್ಬಲ್ಯವೂ ಅದೇ. ಲೇಖನವನ್ನು ಓದಿ, ಅದರ ಅಡಿಟಿಪ್ಪಣಿ ತೋರಿಸುವ ಗ್ರಂಥಕ್ಕೆ ಹೋಗುವುದು ಜಾಣತನ. ಈಚೆಗೆ ಯಂತ್ರವೇ ಉತ್ತರ ಬರೆದುಕೊಡುತ್ತದೆ. ಅದರ ಭಾಷೆ ಸೊಗಸಾಗಿರಬಹುದು. ಆದರೆ ಇಲ್ಲದ ಪುಸ್ತಕವನ್ನು ಹೆಸರಿಸುವುದೂ ಉಂಟು. ಅದು ಹೇಳಿದ ಗ್ರಂಥವನ್ನು ತೆರೆದು ನೋಡುವವರೆಗೆ ಆ ಉತ್ತರ ಕೇವಲ ಸುಳಿವು.

ಇಷ್ಟೆಲ್ಲ ಶ್ರಮ ಒಂದು ಪ್ರಬಂಧಕ್ಕೇಕೆ ಎನ್ನುವಿರಾ? ಇಂದು ನಿಮ್ಮ ಮಗಳು ಬರೆದದ್ದು ನಾಳೆ ಜಾಲವನ್ನು ಸೇರಬಹುದು. ನಾಡಿದ್ದು ಮತ್ತೊಬ್ಬ ಹುಡುಗ ಅದನ್ನೇ ಆಧಾರವೆಂದು ಎತ್ತಿಕೊಂಡಾನು. ಎಂಟು ಶತಮಾನ ಕಲ್ಲು ಕಾಪಾಡಿಕೊಂಡು ಬಂದ ಹೆಸರು ನಮ್ಮ ಅವಸರದಿಂದ ಅಳಿಸಿಹೋಗಬಾರದು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂದರು ಹಿರಿಯರು. ಬಸರಾಳು ಮಂಡ್ಯಕ್ಕೆ ದೂರವೇನಲ್ಲ. ಒಂದು ಭಾನುವಾರ ಮಗಳನ್ನು ಕರೆದುಕೊಂಡು ಹೋಗಿ ಬನ್ನಿ.