ಒಂದೇ ಹೊಂಬಾಳೆಯ ಮೂರು ರುಚಿ

ಕಡಲ ಕರೆಯ ತಿಂಡಿ-ಪಾನೀಯಗಳ ರುಚಿ ನೋಡಿ ಬರೋಣವೆಂದು ಮೊನ್ನೆ ಗುರುವಾರ ಬೆಳಿಗ್ಗೆ ನಾವು ಮೂವರು ಮಂಜೇಶ್ವರದಲ್ಲಿ ರೈಲು ಹತ್ತಿದೆವು. ದ್ರಾಕ್ಷಿ ಬೆಳೆಯದ ನಮ್ಮ ಸೀಮೆಗೆ ತೆಂಗೇ ದ್ರಾಕ್ಷಿಯಲ್ಲವೇ? ಸಂಜೆ ಮರಳುವಾಗ ರುಚಿಯ ಜತೆಗೆ ಒಂದಿಷ್ಟು ಲೆಕ್ಕಾಚಾರವೂ ಬಂತು. ಅದನ್ನು ವಾಚಕರ ಮುಂದಿಡುತ್ತೇವೆ.

ಮೊದಲು ಕಾಸರಗೋಡಿನಲ್ಲಿಳಿದು ಕೂಡ್ಲಿನ ತೋಟಬೆಳೆ ಸಂಶೋಧನಾ ಸಂಸ್ಥೆಗೆ ಹೋದೆವು. 1916ರಲ್ಲಿ ಮದ್ರಾಸು ಸರಕಾರವು ತೆಂಗಿಗಾಗಿ ತೆರೆದ ಕೇಂದ್ರವಿದು. 1970ರಲ್ಲಿ ಕೇಂದ್ರೀಯ ಸಂಸ್ಥೆಯಾಯಿತು. ಇಲ್ಲಿಯವರು ರೂಪಿಸಿದ ‘ಕಲ್ಪರಸ’ವನ್ನು ಒಂದೊಂದು ಲೋಟ ಕುಡಿದೆವು. ಜೇನಿನ ಬಣ್ಣ, ಎಳನೀರಿಗಿಂತ ಹೆಚ್ಚು ಸಿಹಿ, ಹುಳಿಯ ಸುಳಿವಿಲ್ಲ. ಅರಳದ ಹೊಂಬಾಳೆಯನ್ನು ಬಿಗಿದು ಕಟ್ಟಿ, ತುದಿ ಕೊಯ್ದು, ಮಡಕೆಯ ಬದಲು ಮಂಜುಗಡ್ಡೆಯಿರುವ ಪೆಟ್ಟಿಗೆಯಲ್ಲಿ ರಸ ಹಿಡಿಯುತ್ತಾರೆ. ಆ ತಂಪಿನಲ್ಲಿ ರಸ ಹುಳಿಯುವುದಿಲ್ಲ. ನಮ್ಮ ಹಿರಿಯರು ಮಡಕೆಯೊಳಗೆ ಸುಣ್ಣ ಬಳಿಯುತ್ತಿದ್ದುದೂ ಇದಕ್ಕಾಗಿಯೇ.

ಮಧ್ಯಾಹ್ನ ನೀಲೇಶ್ವರ. 1932ರಲ್ಲಿ ಎತ್ತರದ ಜಾತಿಗೂ ಗಿಡ್ಡ ಜಾತಿಗೂ ಮಿಶ್ರಮಾಡಿ ಮಿಶ್ರತಳಿ ತೆಂಗನ್ನು ಪಡೆದ ಊರಿದು. ಪರವಾನಗಿಯುಳ್ಳ ಒಂದು ಗಡಂಗಿನಲ್ಲಿ ಬೇಯಿಸಿದ ಮರಗೆಣಸು, ಖಾರವಾದ ಬೂತಾಯಿ ಸಾರು, ಜತೆಗೆ ಕಳ್ಳು. ಹಾಲಿನಂತೆ ಬಿಳಿ, ಹುಳಿ ಬೆರೆತ ಸಿಹಿ. ಬೆಳಿಗ್ಗೆ ಕುಡಿದುದೂ ಇದೂ ಒಂದೇ ರಸ. ತಂಪಿಲ್ಲದೆ ಕೆಲವು ತಾಸು ಕಳೆದರೆ ಸಕ್ಕರೆಯು ಮದ್ಯಸಾರವಾಗುತ್ತದೆ, ಇನ್ನೂ ಬಿಟ್ಟರೆ ವಿನೆಗರಾಗುತ್ತದೆ. ಅಲ್ಲಿದ್ದ ಮುದಿ ಮೂರ್ತೆದಾರರೊಬ್ಬರನ್ನು ಮಾತನಾಡಿಸಿದೆವು. “ಎರಡು ಹೊತ್ತೂ ಮರ ಹತ್ತಬೇಕು ಮಕ್ಕಳೇ. ನನ್ನ ಮಗ ದುಬೈಯಲ್ಲಿದ್ದಾನೆ. ನನ್ನ ನಂತರ ಈ ಕತ್ತಿ ಹಿಡಿಯುವವರಿಲ್ಲ,” ಎಂದರು. ನಮಗೆ ಉತ್ತರ ತೋಚಲಿಲ್ಲ.

ಅಲ್ಲಿಂದ ಬಸ್ಸಿನಲ್ಲಿ ಚೆರುವತ್ತೂರಿನ ಮೇಲಾಗಿ ಪಡನ್ನದ ಹಿನ್ನೀರಿಗೆ. ಇಲ್ಲಿ ಹಗ್ಗಗಳನ್ನು ನೀರಿನಲ್ಲಿ ಇಳಿಬಿಟ್ಟು ಪಚ್ಚಿಲೆಯನ್ನು ಬೆಳೆಸುತ್ತಾರೆ. ಹೆಂಗಸರ ಸಂಘಗಳೂ ಈ ಕೃಷಿಯಲ್ಲಿವೆ. ಚಿಪ್ಪಿನೊಳಗೆ ಅಕ್ಕಿಹಿಟ್ಟು ತುಂಬಿ, ಬೇಯಿಸಿ, ಮಸಾಲೆಯಲ್ಲಿ ಹುರಿದ ‘ಅರಿಕ್ಕಡುಕ್ಕ’ವನ್ನು ತಿಂದೆವು. ಕೂಡ್ಲಿನಿಂದ ತಂದ ತೆಂಗಿನ ಬೆಲ್ಲವನ್ನು ಕಚ್ಚಿಕೊಂಡು ಕಣ್ಣಚಹ ಕುಡಿದೆವು. ಅದೇ ರಸವನ್ನು ಕುದಿಸಿ ಮಾಡಿದ ಬೆಲ್ಲ; ಇದು ಮೂರನೆಯ ರುಚಿ.

ಇನ್ನು ಲೆಕ್ಕ. ಚೆನ್ನಾಗಿ ಸಾಕಿದ ಮರವು ದಿನಕ್ಕೆ ಸುಮಾರು 2 ಲೀಟರು ರಸ ಕೊಡಬಲ್ಲದು. 100 ಲೀಟರು ಕುದಿಸಿದರೆ ಸುಮಾರು 12ರಿಂದ 15 ಕಿಲೊ ಬೆಲ್ಲ. ಆದರೆ ರಸ ಇಳಿಸಿದ ಹೊಂಬಾಳೆಯಲ್ಲಿ ಕಾಯಿ ಆಗದೆಂಬುದನ್ನು ಮರೆಯಬಾರದು. ಆದುದರಿಂದ ತೋಟವಿಡೀ ರಸಕ್ಕೆ ಬಿಡದೆ ಗಿಡ್ಡ ಮರಗಳಲ್ಲಿ ನಾಲ್ಕಾರನ್ನು ಆರಿಸಿಕೊಳ್ಳುವುದು ಲೇಸು. ಅಬಕಾರಿ ಪರವಾನಗಿಯಿಲ್ಲದೆ ಕತ್ತಿ ಹಚ್ಚುವುದು ಅಪರಾಧ. ಮೊದಲು ಅದನ್ನು ವಿಚಾರಿಸಿರಿ. ಬಳಿಕ ಹತ್ತುವವರು, ಮಂಜುಗಡ್ಡೆ, ಕೊಳ್ಳುವವರು, ಈ ಮೂರೂ ಗಟ್ಟಿಯಾದ ಮೇಲೆಯೇ ಕೈಹಾಕಿರಿ.

ಎಲ್ಲಕ್ಕಿಂತ ಹತ್ತುವವರೇ ದುರ್ಲಭ. ತೆಂಗು ಅಭಿವೃದ್ಧಿ ಮಂಡಳಿಯು 2011ರಲ್ಲಿ ಯಂತ್ರದಿಂದ ಮರ ಹತ್ತುವ ತರಬೇತಿಯನ್ನು ಆರಂಭಿಸಿತು. ಊರಿನ ಇಬ್ಬರು ತರುಣರಾದರೂ ಈ ಕಸುಬು ಕಲಿತು, ತೋಟದವರು ಅವರಿಗೆ ಮರ್ಯಾದೆಯ ಕೂಲಿ ಕೊಟ್ಟರೆ, ಆ ಮುದುಕರ ಕತ್ತಿಗೆ ವಾರಸುದಾರರು ಸಿಕ್ಕಾರು.