ಹೊಳೆ ದಾಟುವ ಸೈನ್ಯ, ಅಡ್ಡಗಟ್ಟುವ ನೌಕೆ

ಚದುರಂಗದ ಮಣೆಯ ಮೇಲೆ ಹೊಳೆಯೂ ಇಲ್ಲ, ಕೆಸರೂ ಇಲ್ಲ. ಯುದ್ಧವನ್ನು ಇನ್ನಷ್ಟು ನೈಜವಾಗಿ ಅನುಕರಿಸುವ ಆಟ ಬೇಕೆಂದು ಪ್ರಷ್ಯದ ಸೇನಾಧಿಕಾರಿ ರೈಸ್‌ವಿಟ್ಸ್ 1824ರಲ್ಲಿ ಹೊಸ ನಿಯಮಗಳನ್ನು ಪ್ರಕಟಿಸಿದನು. ಮಣೆಯ ಬದಲು 1:8,000 ಪ್ರಮಾಣದ ಭೂಪಟ. ಪ್ರತಿಯೊಂದು ಸರದಿಯೂ ಎರಡು ನಿಮಿಷಗಳ ಯುದ್ಧಕ್ಕೆ ಸಮ. ಗುಂಡೇಟಿನ ಫಲವನ್ನು ಹೇಳಲು ದಾಳ. ಇಂದಿನ ಸಮರಕ್ರೀಡೆಗಳು ಬಹುಮಟ್ಟಿಗೆ ಇದರ ಸಂತತಿಯೇ. ಅವುಗಳ ನಿಯಮಕಾರರನ್ನು ಕಾಡುವ ಪ್ರಶ್ನೆಗಳಲ್ಲೊಂದನ್ನು ಇಲ್ಲಿ ಪರಿಶೀಲಿಸೋಣ: ನದಿಯಲ್ಲಿ ಶತ್ರುವಿನ ತೋಪುದೋಣಿಗಳಿದ್ದರೆ ಸೈನ್ಯವು ಆಚೆಯ ದಡವನ್ನು ಸೇರಬಹುದೆ?

‘ಡಿಪ್ಲೊಮಸಿ’ ಎಂಬ ಪ್ರಸಿದ್ಧ ಆಟದಲ್ಲಿ ಈ ತೊಡಕೇ ಇಲ್ಲ. ಕಪ್ಪುಸಮುದ್ರದಲ್ಲಿ ವೈರಿಯ ನೌಕೆ ನಿಂತಿದ್ದರೂ ಸೇನೆ ಕಾನ್‌ಸ್ಟಾಂಟಿನೋಪಲಿನಿಂದ ಅಂಕಾರಕ್ಕೆ ನಿರಾತಂಕವಾಗಿ ನಡೆದುಹೋಗುತ್ತದೆ. ಇದಕ್ಕೆ ವಿರುದ್ಧವಾಗಿ, ನೌಕೆಯಿದ್ದಲ್ಲಿ ದಾಟಲೇ ಕೂಡದೆಂದು ವಿಧಿಸುವುದೂ ಸುಲಭ. ಆದರೆ ಇತಿಹಾಸವು ಈ ಎರಡನ್ನೂ ಒಪ್ಪುವುದಿಲ್ಲ.

ಅಮೆರಿಕದ ಅಂತರ್ಯುದ್ಧದಲ್ಲಿ, 1864ರ ಡಿಸೆಂಬರ್ 15 ಮತ್ತು 16ರಂದು ನ್ಯಾಶ್‌ವಿಲ್ ಬಳಿ ದಕ್ಷಿಣದ ಸೇನಾನಿ ಹುಡ್ ಪೂರ್ಣವಾಗಿ ಸೋತನು. ಹಿಂದೆ ಥಾಮಸನ ಸೈನ್ಯ ಅಟ್ಟಿಬರುತ್ತಿತ್ತು. ಮುಂದೆ ಟೆನೆಸೀ ನದಿ. ಬೇನ್‌ಬ್ರಿಜ್ ಎಂಬಲ್ಲಿ ಅವನ ಜನ ದೋಣಿಗಳನ್ನು ಸಾಲಾಗಿ ಕಟ್ಟಿ ಸೇತುವೆ ಹಾಕಿದರು. ಉತ್ತರದವರ ಅಡ್ಮಿರಲ್ ಲೀ ತೋಪುದೋಣಿಗಳೊಡನೆ ನದಿಯ ಮೇಲ್ಮುಖವಾಗಿ ಬಂದನು. ಸೇತುವೆಯೊಂದು ಮುರಿದಿದ್ದರೆ ಹುಡ್‌ನ ಸೈನ್ಯದ ಕಥೆ ಆ ದಡದಲ್ಲೇ ಮುಗಿಯುತ್ತಿತ್ತು. ಆದರೆ ಮಸಲ್ ಷೋಲ್ಸ್ ಎಂಬ ಬಂಡೆಗಲ್ಲಿನ ಹರವಿನಲ್ಲಿ ನೀರು ಆಳವಿರಲಿಲ್ಲ. ದಡದ ಮೇಲಿನ ಫಿರಂಗಿಗಳೂ ಸುಮ್ಮನಿರಲಿಲ್ಲ. ದೋಣಿಗಳು ಸೇತುವೆಯನ್ನು ಮುಟ್ಟಲೇ ಇಲ್ಲ. ಡಿಸೆಂಬರ್ 28ರ ವೇಳೆಗೆ ಸೈನ್ಯ ಆಚೆಗೆ ಸೇರಿತ್ತು.

ಹಾಗಾದರೆ ತಡೆಯೆಂಬುದು ಗೋಡೆಯಲ್ಲ, ಒಂದು ಸಂಭಾವ್ಯತೆ. ಅದನ್ನು ನಿಯಮವಾಗಿಸಿ ನೋಡೋಣ. ಸೇತುವೆಯ ಮೇಲೆ ಸೈನ್ಯ ದಾಟಲು ಮೂರು ಸರದಿ ಬೇಕು. ಪ್ರತಿ ಸರದಿಯಲ್ಲೂ ದಾಳದಲ್ಲಿ 5 ಅಥವಾ 6 ಬಿದ್ದರೆ ಸೇತುವೆ ಮುರಿಯಿತು. ಒಂದು ಸರದಿ ಉಳಿಯುವ ಸಂಭಾವ್ಯತೆ 2/3. ಮೂರೂ ಸರದಿ ಉಳಿಯುವುದು 2/3ನ್ನು ಮೂರು ಸಲ ಗುಣಿಸಿದಷ್ಟು, ಅಂದರೆ 8/27. ನೂರಕ್ಕೆ ಸುಮಾರು 30. ದಡದಲ್ಲಿ ಫಿರಂಗಿಗಳನ್ನಿಟ್ಟು, 6 ಬಿದ್ದರೆ ಮಾತ್ರ ಮುರಿಯುವುದೆಂದು ಬದಲಿಸಿದರೆ ಅದು 125/216, ಎಂದರೆ ನೂರಕ್ಕೆ ಸುಮಾರು 58. ಆಟಗಾರರು ಸಾಮಾನ್ಯವಾಗಿ ದೋಣಿಗಳ ಸಂಖ್ಯೆಯನ್ನೇ ಎಣಿಸುತ್ತಾರೆ. ನಮಗೆ ತೋರುವಂತೆ, ಸರದಿಗಳನ್ನು ಎಣಿಸುವವನೇ ಜಾಣ. ನೀರಿನ ಆಳ ಸಾಲದ ಕಡೆ ದಾಳವನ್ನು ಎಸೆಯುವ ಪ್ರಮೇಯವೇ ಇಲ್ಲ.

ಆಳವನ್ನು ಗುರುತಿಸುವಾಗ ಭೂಪಟದ ಕಾಲವನ್ನೂ ನೋಡಬೇಕು. 1924ರಲ್ಲಿ ಪೂರ್ಣಗೊಂಡ ವಿಲ್ಸನ್ ಅಣೆಕಟ್ಟು ಮಸಲ್ ಷೋಲ್ಸ್‌ನ ಬಂಡೆಗಳನ್ನು ಮುಳುಗಿಸಿಬಿಟ್ಟಿದೆ. ಇಂದಿನ ಪಟವನ್ನೇ ಹರವಿಕೊಂಡು ಆಡಿದರೆ, ಲೀಯ ದೋಣಿಗಳನ್ನು ತಡೆದ ಆ ಬಂಡೆಗಳು ಕಾಣುವುದೇ ಇಲ್ಲ.