ನಿಮಗಿದು ಗೊತ್ತೆ? ಪಾಂಡವರ ಮನೆಯ ಮಡಕೆ

ಸುಗ್ಗಿಹಬ್ಬವಾದ ಹುತ್ತರಿಯಂದು ಮನೆತನದ ಮೂಲಮನೆಯಾದ ಐನ್‌ಮನೆಯಲ್ಲಿ ಹೊಸಕ್ಕಿಯ ಪಾಯಸವುಂಡು ಮೊಮ್ಮಕ್ಕಳಿಗೆ ಕಥೆ ಹೇಳಲು ಕುಳಿತ ಕೊಡಗಿನ ಹಿರಿಯರು ‘ಪಾಂಡವರ ಮನೆ’ಗಳೆಂದು ವರ್ಣಿಸುವ ಕಲ್ಚಪ್ಪಡಿಯ ಕೋಣೆಗಳು ವಸ್ತುತಃ ಬೃಹತ್‌ಶಿಲಾಯುಗದ ಸಮಾಧಿಗಳು. ಇಂಥ ಸಮಾಧಿಗಳಲ್ಲಿ ದೊರೆಯುವ ಮೃತ್ಪಾತ್ರೆಗಳೊಳಗೆ ಒಂದು ಬಗೆಯಂತೂ ಕೌತುಕಕರವಾದುದು: ಒಳಮೈಯೂ ಬಾಯಂಚೂ ಕಪ್ಪು, ಹೊರಮೈಯ ಉಳಿದ ಭಾಗ ಕೆಂಪು. ಇದು ಬಳಿದ ಬಣ್ಣವಲ್ಲ. ಬೋರಲಾಗಿಟ್ಟು ಸುಟ್ಟಾಗ ಗಾಳಿ ಸೋಕದ ಒಳಭಾಗವು ಕಪ್ಪಾಗಿ, ಗಾಳಿಯಾಡಿದ ಹೊರಮೈ ಕೆಂಪಡರಿತೆಂಬುದು ವಿದ್ವಾಂಸರಲ್ಲಿ ಬಹುಕಾಲದಿಂದ ಪ್ರಚಲಿತವಾಗಿರುವ ಅಭಿಪ್ರಾಯ. 1947ರಲ್ಲಿ ಪುರಾತತ್ತ್ವಜ್ಞ ಮಾರ್ಟಿಮರ್ ವೀಲರ್ ಚಿತ್ರದುರ್ಗ ಸೀಮೆಯ ಬ್ರಹ್ಮಗಿರಿಯಲ್ಲಿ ಅಗೆಸಿದಾಗಲೂ ಇಂಥವೇ ದೊರೆತುವು. (ಭೀಮನ ಊಟಕ್ಕೆ ಇವು ಸಾಲುತ್ತಿದ್ದುವೇ ಎಂಬುದು ಬೇರೆಯ ಪ್ರಶ್ನೆ!) ಕಾಫಿತೋಟದಲ್ಲಿ ಗುಂಡಿ ತೋಡುವಾಗ ಹಳೆಯ ಮಡಕೆಚೂರು ಕಂಡರೆ ಎಸೆಯದಿರಿ; ಮೊದಲು ಅದರ ಅಂಚನ್ನು ತಿರುಗಿಸಿ ನೋಡಿರಿ.